ಬಿಟ್ಟು ಹೋದವರನ್ನು ಕೇಳಿದವರ್ಯಾರು?

ಮತಾಂತರ ಅನ್ನೋ ಪದ ಟಿವಿ ಪರದೆ ಮೇಲೆ ಬಂದ ಕೂಡಲೇ ಏನಾಗುತ್ತೆ ಅಂತ ನಿಮಗೆ ಗೊತ್ತು. ಯಾವ ಚಾನೆಲ್ ಆದ್ರೂ ಸರಿ, ಆರು ಕಿಟಕಿ ತೆರೆದುಕೊಳ್ಳುತ್ತವೆ. ಒಬ್ಬರು ಸ್ವಾಮೀಜಿ, ಒಬ್ಬರು ಪಾದ್ರಿ, ಒಬ್ಬರು ಮೌಲ್ವಿ, ಎರಡು ಪಕ್ಷದ ಇಬ್ಬರು ವಕ್ತಾರರು, ಕೊನೆಗೆ ಒಬ್ಬ ವಕೀಲರು. ಒಂದು ಕಡೆಯಿಂದ 'ಆಮಿಷ' ಅಂತ ಕೂಗು, ಇನ್ನೊಂದು ಕಡೆಯಿಂದ 'ಹಕ್ಕು' ಅಂತ ಕೂಗು. ಒಂದು ಗಂಟೆ ಮುಗಿಯುತ್ತೆ. ಮತ ಬದಲಾಯಿಸಿದ ಮನುಷ್ಯ ಮಾತ್ರ ಆರರಲ್ಲಿ ಒಂದು ಕಿಟಕಿಯಲ್ಲೂ ಇರುವುದಿಲ್ಲ.

ಕೆಲಸ ಬಿಟ್ಟು ಹೋಗೋ ಹುಡುಗನನ್ನ ಕಂಪನಿಯ ಎಚ್‌ಆರ್‌ನವರು ಕೂಡ ಕೂರಿಸಿಕೊಂಡು 'ಯಾಕಪ್ಪಾ ಬಿಡ್ತಿದೀಯ' ಅಂತ ಕೇಳ್ತಾರೆ. ಅವರಿಗೆ ಹುಡುಗನ ಮೇಲೆ ಪ್ರೀತಿ ಅಂತಲ್ಲ, ನಾಳೆ ಇನ್ನೂ ಹತ್ತು ಜನ ಹೋಗಬಾರದು ಅಂತ. ಹುಟ್ಟಿದ ಧರ್ಮ ಬಿಟ್ಟವನನ್ನ ಆ ಲೆಕ್ಕಾಚಾರಕ್ಕಾದರೂ ಯಾರೂ ಕೇಳೋದಿಲ್ಲ. ಯಾರು ಕರ್ಕೊಂಡು ಹೋದ್ರು, ಎಷ್ಟು ಕೊಟ್ರು, ಇವೆರಡೇ ನಮ್ಮ ಪ್ರಶ್ನೆ. ಇವತ್ತು ಆ ಎರಡು ಪ್ರಶ್ನೆ ಪಕ್ಕಕ್ಕಿಟ್ಟು ಮೂರನೆಯದನ್ನು ಕೇಳೋಣ: ಯಾಕೆ ಹೋದರು?

ಇದಕ್ಕೆ ನಿಮ್ಮನ್ನು ಒಂದು ವಾರದ ಮಟ್ಟಿಗೆ ಹಿಂದಕ್ಕೆ ಕರೆದುಕೊಂಡು ಹೋಗಬೇಕು. 1936ರ ಮೇ ತಿಂಗಳ ಕೊನೆಯ ವಾರ, ಊರು ಮುಂಬೈ. ಆ ಕಾಲದಲ್ಲಿ ಟಿವಿ ಇದ್ದಿದ್ದರೆ ಆ ವಾರ ಯಾವ ಚಾನೆಲ್ಲಿನವನಿಗೂ ನಿದ್ದೆ ಇರ್ತಿರಲಿಲ್ಲ. ಯಾಕಂದ್ರೆ ಒಂದೇ ವಾರದಲ್ಲಿ, ಒಂದೇ ಊರಲ್ಲಿ, ಮತಾಂತರದ ಎರಡು ದೊಡ್ಡ ಸುದ್ದಿ.

ಮೊದಲನೆಯದು ಗಾಂಧೀಜಿಯ ಹಿರಿಯ ಮಗ ಹರಿಲಾಲ್ ಇಸ್ಲಾಂಗೆ ಸೇರಿದ್ದು. ಮುಂಬೈನ ಜುಮ್ಮಾ ಮಸೀದಿಯಲ್ಲಿ ಘೋಷಣೆಯಾಯಿತು. ಹೊಸ ಹೆಸರು ಅಬ್ದುಲ್ಲಾ. ಮಹಾತ್ಮನ ಮಗ ಮುಸಲ್ಮಾನ! ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಬಿಗ್ ಬ್ರೇಕಿಂಗ್.

ಎರಡನೆಯದು ಮೇ 31ರಂದು ಅದೇ ಮುಂಬೈನಲ್ಲಿ ನಡೆದ ಮಹಾರ್ ಸಮುದಾಯದ ಸಮ್ಮೇಳನ. ಡಾಕ್ಟರ್ ಅಂಬೇಡ್ಕರ್ ಸಾವಿರಾರು ಜನರ ಮುಂದೆ ನಿಂತು, ನಾವು ಯಾಕೆ ಧರ್ಮ ಬಿಡಬೇಕು ಅಂತ ಮರಾಠಿಯಲ್ಲಿ ದೀರ್ಘವಾಗಿ ವಿವರಿಸಿದರು. 'ಮುಕ್ತಿ ಕೋನ್ ಪಥೇ' ಅಂತ ಆ ಭಾಷಣಕ್ಕೆ ಹೆಸರು. ಬಿಡುಗಡೆ ಯಾವ ದಾರಿಯಲ್ಲಿ ಅಂತ.

ಯಾವುದು ಪ್ರೈಮ್ ಟೈಮ್ ಆಗ್ತಿತ್ತು ಹೇಳಿ? ಖಂಡಿತ ಮೊದಲನೆಯದು. ಈ ದೇಶವನ್ನು ಬದಲಾಯಿಸಿದ್ದು ಯಾವುದು? ಎರಡನೆಯದು.

ಹರಿಲಾಲ್ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2007ರಲ್ಲಿ ಬಂದ 'ಗಾಂಧಿ, ಮೈ ಫಾದರ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಆತ ಅಪ್ಪನ ಜೊತೆ ದಕ್ಷಿಣ ಆಫ್ರಿಕಾದಲ್ಲಿ ಸತ್ಯಾಗ್ರಹ ಮಾಡಿ ಹಲವು ಸಲ ಜೈಲಿಗೆ ಹೋದವರು. ಜನ ಅವರನ್ನ ಛೋಟೇ ಗಾಂಧಿ ಅಂತಿದ್ದರು. ಅಪ್ಪನ ಹಾಗೆ ಲಂಡನ್‌ಗೆ ಹೋಗಿ ಬ್ಯಾರಿಸ್ಟರ್ ಆಗೋ ಆಸೆ ಇತ್ತು. ವಿದ್ಯಾರ್ಥಿವೇತನದ ಅವಕಾಶವೂ ಬಂತು. ಅಪ್ಪ ಅದನ್ನು ಮಗನಿಗೆ ಕೊಡಿಸಲಿಲ್ಲ, ಬೇರೆಯವರಿಗೆ ಕೊಡಿಸಿದರು. ತತ್ವದ ದೃಷ್ಟಿಯಿಂದ ಅದು ದೊಡ್ಡ ಮಾತು, ಸ್ವಜನಪಕ್ಷಪಾತ ಇಲ್ಲ ಅಂತ ನಾವು ಚಪ್ಪಾಳೆ ಹೊಡೀತೀವಿ. ಆ ಮಗನ ಎದೆಯೊಳಗೆ ಏನಾಯ್ತು ಅನ್ನೋದು ಬೇರೆ. 1911ರಲ್ಲಿ ಆತ ಮನೆಯಿಂದ ದೂರವಾದರು. 1918ರ ಇನ್‌ಫ್ಲುಯೆಂಜಾದಲ್ಲಿ ಹೆಂಡತಿ ತೀರಿಕೊಂಡರು. ಆಮೇಲೆ ಕುಡಿತ, ಸಾಲ, ಅಲೆದಾಟ.

ಮತಾಂತರದ ಸುದ್ದಿ ಬಂದಾಗ ಗಾಂಧೀಜಿ ಹೇಳಿದ್ದರ ಸಾರಾಂಶ ಇಷ್ಟು: ಮನಸ್ಸಿನಿಂದ, ಯಾವ ಲೌಕಿಕ ಲೆಕ್ಕಾಚಾರವೂ ಇಲ್ಲದೆ ಹೋಗಿದ್ದರೆ ನನ್ನ ತಕರಾರಿಲ್ಲ; ಆದರೆ ಹಾಗೆ ಹೋಗಿದ್ದಾನೆ ಅನ್ನೋದರಲ್ಲಿ ನನಗೆ ಅನುಮಾನ ಇದೆ. ಕಸ್ತೂರ್ಬಾ ಬಹಿರಂಗ ಪತ್ರ ಬರೆದರು, ಮಗನಿಗೂ, ಮಗನನ್ನು ಸೇರಿಸಿಕೊಂಡ ಮುಸ್ಲಿಮರಿಗೂ. ಕೆಲವೇ ತಿಂಗಳು. ಅದೇ ವರ್ಷ ಹರಿಲಾಲ್ ಆರ್ಯ ಸಮಾಜದ ಮೂಲಕ ಮತ್ತೆ ಹಿಂದೂ ಆದರು.

ಇದು ಮತಾಂತರವಾ? ದಾಖಲೆಯ ಪ್ರಕಾರ ಹೌದು, ಎರಡೆರಡು ಸಲ. ನನಗನಿಸೋದು, ಹರಿಲಾಲ್ ಹಿಂದೂ ಧರ್ಮ ಬಿಡಲಿಲ್ಲ, ಅಪ್ಪನ ಮನೆಯಿಂದ ಇನ್ನೊಂದು ಸಲ ಹೊರಗೆ ಬಂದರು. ಊರಿಗೇ ಅಪ್ಪನಾದ ಮನುಷ್ಯನನ್ನು ತಾಗೋ ಹಾಗೆ ಹೊಡೆಯಲು ಮಗನ ಕೈಯಲ್ಲಿ ಉಳಿದಿದ್ದ ಕಲ್ಲು ಅದೊಂದೇ. ಇಂಥ ಮತಾಂತರಗಳು ನಮ್ಮ ಬೀದಿಯಲ್ಲೂ ಇವೆ. ಧರ್ಮ ಬದಲಾಯಿಸಿದರು ಅಂತ ನಾವು ಧರ್ಮಶಾಸ್ತ್ರ ಹುಡುಕ್ತೀವಿ, ಹುಡುಕಬೇಕಾಗಿರೋದು ಅಡುಗೆಮನೆಯ ಜಗಳವನ್ನ.

ಈಗ ಎರಡನೇ ಸುದ್ದಿಗೆ ಬರ್ತೀನಿ. ನನ್ನ ಇವತ್ತಿನ ಮಾತು ಇರೋದೇ ಅಲ್ಲಿ.

ಬಾಬಾಸಾಹೇಬ್ ಒಂದು ದಿನ ಬೆಳಿಗ್ಗೆ ಎದ್ದು ಸಿಟ್ಟಿನಲ್ಲಿ 'ಬಿಟ್ಟೆ' ಅಂದವರಲ್ಲ. ಮೊದಲು ಅದೇ ಮನೆಯಲ್ಲಿ ಇರೋಕೆ ಎಷ್ಟು ಪ್ರಯತ್ನಪಟ್ಟರು ನೋಡಿ. 1923ರಲ್ಲಿ ಮುಂಬೈ ಶಾಸನಸಭೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಕಾಗದದ ಮೇಲೆ ಬರೆಯಿತು. ಕಾಗದದ ಮೇಲೆ! ಕೆರೆಯ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಬೊಗಸೆ ನೀರು ಕುಡಿದರು. ಅಷ್ಟಕ್ಕೇ ಅವರ ಜನರ ಮೇಲೆ ಹಲ್ಲೆ ಆಯ್ತು. ಆಮೇಲೆ ಊರಿನವರು ಪಂಚಗವ್ಯ ತುಂಬಿದ 108 ಕೊಡ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ಕೆರೆಯಲ್ಲಿ ದನ ಕರು ನೀರು ಕುಡೀತಿದ್ದವು, ಅದಕ್ಕೆ ಯಾರೂ ಶುದ್ಧಿ ಮಾಡಿಸಿರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಮುಂಬೈ ಹೈಕೋರ್ಟ್ ದಲಿತರ ಪರವಾಗಿ ತೀರ್ಪು ಕೊಟ್ಟಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ನಡುವೆ 1930ರಿಂದ ನಾಸಿಕ್‌ನ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಸತ್ಯಾಗ್ರಹ. ಐದು ವರ್ಷದ ಹತ್ತಿರ ನಡೆಯಿತು. ಬಾಗಿಲು ತೆರೆಯಲಿಲ್ಲ. ಯೋಚನೆ ಮಾಡಿ, ಒಬ್ಬ ಮನುಷ್ಯ ನಿಮ್ಮ ದೇವರನ್ನೇ ನೋಡಬೇಕು ಅಂತ ಐದು ವರ್ಷ ಬಾಗಿಲಲ್ಲಿ ಕೂತಿದ್ದಾನೆ, ಬಿಡ್ತಿಲ್ಲ. ಅದೇ ಮನುಷ್ಯ ಎದ್ದು ಹೊರಟಾಗ 'ಅಯ್ಯೋ ಬಿಟ್ಟು ಹೋದನಲ್ಲ' ಅಂತ ಬೊಬ್ಬೆ.

1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲಾದಲ್ಲಿ ಅವರು ಘೋಷಿಸಿಯೇಬಿಟ್ಟರು. ಹಿಂದೂ ಆಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂ ಆಗಿ ಸಾಯೋದಿಲ್ಲ ಅನ್ನೋ ಅರ್ಥದ ಮಾತು. ಮುಂದಿನ ವರ್ಷ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ, ಅಂದ್ರೆ ಜಾತಿ ಮುರಿಯೋಕೇ ಅಂತ ಹುಟ್ಟಿದ ಸಂಘ, ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ಓದಿ ಗಾಬರಿಯಾಗಿ, ಸಮ್ಮೇಳನವನ್ನೇ ರದ್ದು ಮಾಡಿತು. ಮಾಡದೇ ಉಳಿದ ಆ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ಅಂತ ನಾವು ಇವತ್ತು ಓದೋದು ಅದನ್ನೇ.

ಘೋಷಣೆ 1935ರಲ್ಲಿ. ದೀಕ್ಷೆ ಯಾವಾಗ? 1956ರ ಅಕ್ಟೋಬರ್ 14, ನಾಗಪುರ. ನಡುವೆ 21 ವರ್ಷ. ನಮ್ಮಲ್ಲಿ ಕಾರು ತಗೊಳೋಕೆ ಜನ ಎರಡು ತಿಂಗಳು ಯೂಟ್ಯೂಬ್ ನೋಡ್ತಾರೆ, ಮಗನಿಗೆ ಹೆಣ್ಣು ಹುಡುಕೋಕೆ ಎರಡು ವರ್ಷ. ಈ ಮನುಷ್ಯ ಒಂದು ಧರ್ಮ ಆರಿಸಿಕೊಳ್ಳಲು 21 ವರ್ಷ ತೆಗೆದುಕೊಂಡರು. ಸಿಖ್ ಧರ್ಮವನ್ನು ಗಂಭೀರವಾಗಿ ಪರಿಗಣಿಸಿದರು, 1936ರ ಏಪ್ರಿಲ್‌ನಲ್ಲಿ ಅಮೃತಸರದ ಸಿಖ್ ಸಮ್ಮೇಳನಕ್ಕೂ ಹೋಗಿದ್ದರು. ಬೇರೆ ಬೇರೆ ಧರ್ಮದ ಮುಖಂಡರು ನಮ್ಮಲ್ಲಿಗೆ ಬನ್ನಿ ಅಂತ ಕರೆದರು. ಓದಿದರು, ತೂಗಿದರು, ಮಧ್ಯದಲ್ಲಿ ಒಂದು ದೇಶದ ಸಂವಿಧಾನವನ್ನೂ ರೂಪಿಸಿಕೊಟ್ಟರು. ಕೊನೆಗೆ ಬುದ್ಧ. ಆ ದಿನ ಅವರ ಜೊತೆ ದೀಕ್ಷೆ ತಗೊಂಡವರ ಸಂಖ್ಯೆಗೆ ಮೂರೂವರೆ ಲಕ್ಷದಿಂದ ಐದು ಲಕ್ಷದವರೆಗೆ ಅಂದಾಜುಗಳಿವೆ. ಕುಶಿನಗರದಿಂದ ಬಂದ ಹಿರಿಯ ಭಿಕ್ಕು ಚಂದ್ರಮಣಿ ಅಂಬೇಡ್ಕರ್ ದಂಪತಿಗೆ ದೀಕ್ಷೆ ಕೊಟ್ಟರು. ಆಮೇಲೆ ಜನರಿಗೆ ಅಂಬೇಡ್ಕರ್ ತಾವೇ 22 ಪ್ರತಿಜ್ಞೆ ಬೋಧಿಸಿದರು. ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಅನ್ನೋ ಪ್ರತಿಜ್ಞೆಗಳ ಬಗ್ಗೆ ಇವತ್ತಿಗೂ ಗಲಾಟೆ ಆಗುತ್ತೆ. ಅದೇ ಪಟ್ಟಿಯಲ್ಲಿ ಸುಳ್ಳು ಹೇಳೋದಿಲ್ಲ, ಕದಿಯೋದಿಲ್ಲ, ಮದ್ಯ ಕುಡಿಯೋದಿಲ್ಲ ಅಂತಲೂ ಇದೆ. ಅದನ್ನ ಯಾರೂ ಚರ್ಚೆಗೆ ತರೋದಿಲ್ಲ.

ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು.

ಈಗ ಆಮಿಷದ ಲೆಕ್ಕಕ್ಕೆ ಬನ್ನಿ. ಎಂಜಿನಿಯರಿಂಗ್ ಓದಿದವನಿಗೆ ಲೆಕ್ಕ ಹಾಕೋ ಚಟ ಹೋಗಲ್ಲ. ನಾಗಪುರದಲ್ಲಿ ದೀಕ್ಷೆ ತಗೊಂಡ ಒಬ್ಬ ಬಡ ಮಹಾರ್ ಕೂಲಿಗೆ ಏನು ಸಿಕ್ತು? ದುಡ್ಡಿಲ್ಲ, ಜಮೀನಿಲ್ಲ. ಸಿಗೋದಿರಲಿ, ಕೈಯಲ್ಲಿದ್ದದ್ದೂ ಹೋಯಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂತ ಅನ್ನಿಸಿಕೊಳ್ಳಬೇಕಾದರೆ ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ, ವಿ.ಪಿ. ಸಿಂಗ್ ಸರ್ಕಾರ ಇದ್ದಾಗ. ಅಂದ್ರೆ 34 ವರ್ಷ ಕೇಂದ್ರದ ಮೀಸಲಾತಿಯಲ್ಲಿ ಅವರಿಗೆ ಜಾಗ ಇರಲಿಲ್ಲ. ಇದು ತಮಗೆ ಗೊತ್ತಿಲ್ಲದೆ ಆದದ್ದೂ ಅಲ್ಲ, ಮೀಸಲಾತಿಯನ್ನು ಹೋರಾಡಿ ತಂದ ಮನುಷ್ಯನೇ ಎದುರಿಗೆ ನಿಂತಿದ್ದರು. ಆಮಿಷ ಅಂದ್ರೆ ಕೊಟ್ಟು ಕರೆಯೋದು. ಇಲ್ಲಿ ಕಳಕೊಂಡು ಹೋಗಿದ್ದಾರೆ. 2011ರ ಜನಗಣತಿಯಲ್ಲಿ ದೇಶದ ಬೌದ್ಧರು ಸುಮಾರು 84 ಲಕ್ಷ. ಅದರಲ್ಲಿ 65 ಲಕ್ಷ ಮಹಾರಾಷ್ಟ್ರದವರು. ಬಹುಪಾಲು ಆ ಒಂದು ದಿನದ, ಆ ಒಬ್ಬ ಮನುಷ್ಯನ ಮಾತಿನ ಬೆಳೆ.

ಇಷ್ಟು ಹೇಳಿದಾಗ ಕೆಲವರು, 'ಅದು ಮಹಾರಾಷ್ಟ್ರದ ಕಥೆ ಬಿಡ್ರಿ' ಅಂತಾರೆ. ಸರಿ, ನಮ್ಮ ಕೆಜಿಎಫ್‌ಗೆ ಬನ್ನಿ. ಕೆಜಿಎಫ್ ಅಂದ್ರೆ ಈಗಿನ ಹುಡುಗರಿಗೆ ರಾಕಿ ಭಾಯ್ ನೆನಪಾಗ್ತಾನೆ, ತಪ್ಪಿಲ್ಲ. ನಾನು ಹೇಳ್ತಿರೋದು ನಿಜವಾದ ಕೋಲಾರ ಚಿನ್ನದ ಗಣಿ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್. ನಾಗಪುರಕ್ಕಿಂತ ಅರ್ಧ ಶತಮಾನ ಮೊದಲೇ ಅಲ್ಲಿನ ಗಣಿ ಕಾರ್ಮಿಕರಲ್ಲಿ ಬೌದ್ಧರಾದವರಿದ್ದರು. ಮದ್ರಾಸಿನ ಪಂಡಿತ ಅಯೋತಿ ದಾಸರು 1898ರಲ್ಲಿ ಕರ್ನಲ್ ಆಲ್ಕಾಟ್ ಜೊತೆ ಸಿಂಹಳಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಆ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಅಯೋತಿ ದಾಸರು 1914ರಲ್ಲಿ ತೀರಿಹೋದ ಮೇಲೆ, ಅವರ 'ತಮಿಳನ್' ಪತ್ರಿಕೆ 1920ರ ದಶಕದಲ್ಲಿ ಮತ್ತೆ ಹೊರಟಿದ್ದು ಕೆಜಿಎಫ್‌ನಿಂದಲೇ. ಹೊಸ ಧರ್ಮವನ್ನು ನಾವು ಸೇರ್ತಿಲ್ಲ, ನಮ್ಮ ಪೂರ್ವಿಕರು ಬೌದ್ಧರೇ ಆಗಿದ್ದರು, ನಾವು ಹಳೇ ಮನೆಗೆ ವಾಪಸ್ ಹೋಗ್ತಿದ್ದೇವೆ ಅನ್ನೋದು ಅವರ ವಾದ. 'ಘರ್ ವಾಪ್ಸಿ' ಅನ್ನೋ ಮಾತು ಈಗಿನದು. ಆ ಯೋಚನೆ ಗಣಿಯ ಆಳದಲ್ಲಿ ಕಲ್ಲು ಒಡೆಯೋರಲ್ಲಿ ಆಗಲೇ ಇತ್ತು, ದಿಕ್ಕು ಮಾತ್ರ ಬೇರೆ.

ಇನ್ನು ಪಕ್ಕದ ತಮಿಳುನಾಡಿನ ಮೀನಾಕ್ಷಿಪುರಂ. 1981ರ ಫೆಬ್ರವರಿಯಲ್ಲಿ ತಿರುನೆಲ್ವೇಲಿ ಜಿಲ್ಲೆಯ ಆ ಹಳ್ಳಿಯ ಸುಮಾರು 180 ದಲಿತ ಕುಟುಂಬಗಳು ಒಟ್ಟಾಗಿ ಇಸ್ಲಾಂ ಸ್ವೀಕರಿಸಿದವು. ದೇಶ ಅಲ್ಲಾಡಿಹೋಯ್ತು. ಗಲ್ಫ್ ದುಡ್ಡು ಅಂದ್ರು. ಪಾರ್ಲಿಮೆಂಟಿನವರೆಗೆ ಗಲಾಟೆ. ವಾಜಪೇಯಿಯವರಂಥ ನಾಯಕರೇ ಆ ಹಳ್ಳಿಗೆ ಹೋಗಿ ಬಂದರು. ಊರಿನವರು ಹೇಳಿದ ಕಾರಣಗಳು ಅಸ್ಪೃಶ್ಯತೆ ಮತ್ತು ಪೊಲೀಸರ ಕಾಟ. ನನ್ನ ತಲೆಯಲ್ಲಿ ಉಳಿದಿರೋ ಪ್ರಶ್ನೆ ಬೇರೆ: ಮತಾಂತರ ಆದ ಮೇಲೆ ಅಷ್ಟು ದೊಡ್ಡ ದೊಡ್ಡ ನಾಯಕರು ಬಂದ ಆ ಊರಿಗೆ, ಆಗೋಕೆ ಮುಂಚೆ ಎಷ್ಟು ಜನ ಹೋಗಿದ್ದರು?

ಹೋಗೋದು, ಮನೆಗೆ ಹೋಗಿ ಕೂರೋದು. ಇದು ಸಣ್ಣ ವಿಷಯ ಅಲ್ಲ. ನಾನು ವರದಿಗಾರನಾಗಿದ್ದಾಗ ಕೋಲಾರದ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಪ್ರಾರ್ಥನಾ ಕೂಟದ ಬಗ್ಗೆ ಗಲಾಟೆ ಆಗಿತ್ತು. ಕೂಲಿ ಮಾಡೋ ಒಬ್ಬ ಹೆಂಗಸು, ಮೂವತ್ತೈದು ನಲವತ್ತರ ವಯಸ್ಸು, ಕುಂಕುಮ ಬಿಟ್ಟಿದ್ದರು. ಮೈಕ್ ಹಿಡಿದು ಕೇಳಿದೆ.

'ಯಾಕಮ್ಮಾ ಅಲ್ಲಿಗೆ ಹೋಗೋಕೆ ಶುರು ಮಾಡಿದ್ರಿ? ದುಡ್ಡು ಗಿಡ್ಡು ಕೊಟ್ರಾ?'

'ದುಡ್ಡಾ? ನಾವೇ ವಾರ ವಾರ ಕಾಣಿಕೆ ಹಾಕ್ತೀವಿ ಸರ್.'

'ಮತ್ತೆ?'

'ನನ್ ಗಂಡ ಕುಡಿದು ಬಿದ್ದಿದ್ದಾಗ ಅವ್ರು ಮನೆಗ್ ಬಂದ್ರು. ಕೂತ್ಕೊಂಡ್ರು. ಮಗೂಗೆ ಜ್ವರ ಇದ್ದಾಗ ಆಸ್ಪತ್ರೆಗೆ ಜೊತೇಲಿ ಬಂದ್ರು. ನಮ್ ಮನೇಲಿ ಅಲ್ಲೀಗಂಟ ಯಾರೂ ಬಂದು ಕೂತಿರ್ಲಿಲ್ಲ ಸರ್.'

ಬೈಬಲ್‌ನಲ್ಲಿ ಏನಿದೆ ಅಂತ ಕೇಳಿದೆ. 'ನಂಗೆ ಓದಕ್ಕೆ ಬರಲ್ಲ' ಅಂದರು. ಗಂಡ ಕುಡಿತ ಬಿಟ್ಟನಾ ಅಂತ ಕೇಳಿದೆ. 'ಮುಕ್ಕಾಲು ಬಿಟ್ಟವ್ನೆ' ಅಂದರು. ಯುಗಾದಿಗೆ ಅತ್ತೆ ಮನೆಯಲ್ಲಿ ಒಬ್ಬಟ್ಟು ತಿಂತೀರಾ ಅಂದಿದ್ದಕ್ಕೆ, 'ಒಬ್ಬಟ್ಟೇನ್ ಮಾಡಿತ್ತು ಸರ್ ಪಾಪ' ಅಂತ ನಕ್ಕರು.

1965ರಲ್ಲಿ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ಜಾನ್ ಲಾಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್, ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ಕಣ್ಣು ಬಿಡುತ್ತಿದ್ದ ಒಂದು ಪುಟ್ಟ ಪಂಥಕ್ಕೆ ಜನ ಹೇಗೆ ಸೇರ್ತಾರೆ ಅಂತ ಹತ್ತಿರದಿಂದ ನೋಡಿದ್ದರು. ಅವರು ಕಂಡಿದ್ದು ಏನಪ್ಪಾ ಅಂದ್ರೆ, ಜನ ಮೊದಲು ಬೋಧನೆ ಕೇಳಿ, ಒಪ್ಪಿ, ಆಮೇಲೆ ಸೇರೋದಲ್ಲ. ಮೊದಲು ಒಳಗಿನವರ ಜೊತೆ ಸ್ನೇಹ ಗಟ್ಟಿಯಾಗುತ್ತೆ, ಹೊರಗಿನವರ ಜೊತೆಗಿನ ನಂಟು ಸಡಿಲವಾಗಿರುತ್ತೆ. ತತ್ವ ಆಮೇಲೆ ಬರುತ್ತೆ. ಕೋಲಾರದ ಆ ಹೆಂಗಸು ಇದನ್ನೇ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಕೇರಳದ ಹಾದಿಯಾ ಪ್ರಕರಣ ನಿಮಗೆ ನೆನಪಿರಬಹುದು. ಹೋಮಿಯೋಪತಿ ಓದ್ತಿದ್ದ ಹುಡುಗಿ, ಒಟ್ಟಿಗಿದ್ದ ಗೆಳತಿಯರ ಪ್ರಾರ್ಥನೆ, ನಡತೆ ನೋಡಿ ಇಸ್ಲಾಂ ಕಡೆ ಹೋದೆ ಅಂದಳು. ಅಪ್ಪ ಕೋರ್ಟಿಗೆ ಹೋದರು. ಹೈಕೋರ್ಟ್ ಮದುವೆಯನ್ನೇ ರದ್ದು ಮಾಡಿತು, ಎನ್‌ಐಎ ತನಿಖೆಯೂ ನಡೆಯಿತು. 2018ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಆ ಮದುವೆಯನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಪು, ಪ್ರಾಯಕ್ಕೆ ಬಂದ ಹೆಣ್ಣುಮಗಳ ನಂಬಿಕೆ ಅವಳದು. ಅದೇ ಹೊತ್ತಿಗೆ ಆ ಅಪ್ಪನನ್ನು ಹಾಸ್ಯ ಮಾಡೋರನ್ನ ಕಂಡರೂ ನನಗೆ ಆಗೋದಿಲ್ಲ. ಮಗಳು ಧರ್ಮ ಬದಲಾಯಿಸಿದರೆ ಈ ದೇಶದಲ್ಲಿ ಅಪ್ಪ ಕಳಕೊಳ್ಳೋದು ಒಂದು ಸಿದ್ಧಾಂತವನ್ನಲ್ಲ, ಹಬ್ಬಕ್ಕೆ ಮನೆಗೆ ಬರೋ ಮಗಳನ್ನ.

ಅದಕ್ಕೇ ನಮ್ಮಲ್ಲಿ ಧರ್ಮ ಬದಲಾಯಿಸೋರು ಎಷ್ಟು ಕಡಿಮೆ ಅಂತ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಪ್ಯೂ ಸಂಶೋಧನಾ ಕೇಂದ್ರದವರು ಭಾರತದಾದ್ಯಂತ ಸುಮಾರು 30,000 ಜನರನ್ನು ಮಾತಾಡಿಸಿ 2021ರಲ್ಲಿ ವರದಿ ಕೊಟ್ಟರು. ನೂರಕ್ಕೆ 98 ಜನ ಹುಟ್ಟಿ ಬೆಳೆದ ಧರ್ಮದಲ್ಲೇ ಇದ್ದಾರೆ. ಹಿಂದೂಗಳಾಗಿ ಬೆಳೆದವರು ನೂರಕ್ಕೆ 82, ಈಗ ಹಿಂದೂ ಅಂತ ಹೇಳಿಕೊಳ್ಳೋರೂ 82. ಹಿಂದೂ ಆಗಿ ಬೆಳೆದು ಕ್ರೈಸ್ತರಾದವರು ಒಟ್ಟು ವಯಸ್ಕರಲ್ಲಿ ಶೇಕಡಾ 0.4. ಟಿವಿ ನೋಡಿದವರಿಗೆ ದಿನಾ ಒಂದು ತಾಲೂಕೇ ಮತಾಂತರ ಆಗ್ತಿದೆ ಅನಿಸಬಹುದು, ಅಂಕಿ ಇರೋದು ಇಷ್ಟು. ಆ 0.4ರೊಳಗೆ ಯಾರಿದ್ದಾರೆ ಅಂತಲೂ ವರದಿ ಹೇಳುತ್ತೆ: ಹೆಚ್ಚಿನವರು ದಕ್ಷಿಣದವರು, ಅರ್ಧದ ಹತ್ತಿರ ಪರಿಶಿಷ್ಟ ಜಾತಿಯವರು. ಮತ್ತೆ ಅದೇ ಬಾಗಿಲು, ಅದೇ ಕೆರೆ.

ಅಮೆರಿಕದಲ್ಲಿ ನೂರಕ್ಕೆ 35 ಜನ ಬಾಲ್ಯದ ಧರ್ಮದಲ್ಲಿ ಈಗಿಲ್ಲ. ಅಲ್ಲಿ ಚರ್ಚ್ ಬಿಟ್ಟರೆ ಭಾನುವಾರ ಬೆಳಿಗ್ಗೆ ಖಾಲಿ ಆಗುತ್ತೆ, ಅಷ್ಟೇ ಅನ್ನಬಹುದು. ಇಲ್ಲಿ ಧರ್ಮ ಅಂದ್ರೆ ಮದುವೆ, ಆಸ್ತಿ, ಜಾತಿ ಸರ್ಟಿಫಿಕೇಟು, ಸತ್ತಾಗ ಹೆಣ ಹೊರೋ ನಾಲ್ಕು ಜನ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನೋ ಹೆಂಡತಿಯೋ ಬೇರೆ ಧರ್ಮಕ್ಕೆ ಹೋದರೆ ಅದೊಂದೇ ವಿಚ್ಛೇದನಕ್ಕೆ ಸಾಕಾಗೋ ಕಾರಣ. ಹಾಗಾಗಿ ನಮ್ಮಲ್ಲಿ ನಿಜವಾಗಿ ಬಿಟ್ಟವರು ಬಿಟ್ಟಿದ್ದೇನೆ ಅಂತ ಹೇಳೋದೇ ಇಲ್ಲ. ನನ್ನ ಬ್ಯಾಚಿನ ಹತ್ತಾರು ಎಂಜಿನಿಯರುಗಳಿಗೆ ದೇವರಲ್ಲಿ ನಂಬಿಕೆ ಇಲ್ಲ. ಎಲ್ಲರೂ ಗೃಹಪ್ರವೇಶಕ್ಕೆ ಸತ್ಯನಾರಾಯಣ ಪೂಜೆ ಮಾಡಿಸಿದ್ದಾರೆ. ಕೇಳಿದ್ರೆ 'ಅಮ್ಮನಿಗೋಸ್ಕರ ಮಗಾ' ಅಂತಾರೆ. ಇವರೂ ಧರ್ಮ ಬಿಟ್ಟವರೇ. ಇವರ ಮೇಲೆ ಯಾರೂ ಕೇಸು ಹಾಕೋದಿಲ್ಲ, ಯಾಕಂದ್ರೆ ಹೆಸರು ಬದಲಾಗಿಲ್ಲ, ಸಪಾದ ಭಕ್ಷ್ಯವೂ ರುಚಿಯಾಗಿತ್ತು.

ಹಾಗಾದರೆ ಮೋಸವೇ ಇಲ್ವಾ? ಇದೆ. ಕೈ ಇಟ್ಟರೆ ಕ್ಯಾನ್ಸರ್ ಹೋಗುತ್ತೆ ಅಂತ ವೇದಿಕೆ ಮೇಲೆ ಕೂಗೋ ಜನ ಇದ್ದಾರೆ. ಎರಡನೇ ಮದುವೆಗೆ ಅಂತ ಮತ ಬದಲಾಯಿಸಿದ ಗಂಡಸರಿದ್ದರು, 1995ರಲ್ಲಿ ಸರಳಾ ಮುದ್ಗಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಮದುವೆ ಊರ್ಜಿತವಲ್ಲ ಅಂತ ಹೇಳಬೇಕಾಯ್ತು. ಕಾಯಿಲೆ ವಾಸಿ ಮಾಡ್ತೀನಿ ಅಂತ ವಂಚಿಸೋನನ್ನ ಹಿಡಿದು ಒಳಗೆ ಹಾಕಿ, ಅವನು ಯಾವ ಧರ್ಮದವನಾದರೂ ಸರಿ. ಅದಕ್ಕೆ ವಂಚನೆಯ ಕಾನೂನಿದೆ, ಮಾಂತ್ರಿಕ ಚಿಕಿತ್ಸೆಯ ಜಾಹೀರಾತಿನ ವಿರುದ್ಧ 1954ರ ಕಾಯ್ದೆಯೂ ಇದೆ. ನನ್ನ ತಕರಾರು ಇರೋದು ಬೇರೆ ಕಡೆ. 2022ರಲ್ಲಿ ನಮ್ಮ ರಾಜ್ಯ ತಂದ ಕಾಯ್ದೆಯ ಪ್ರಕಾರ, ಮತ ಬದಲಾಯಿಸೋನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಆಮೇಲೆ ಇನ್ನೊಂದು ಫಾರಂ ತುಂಬಬೇಕು. ಪರಿಶಿಷ್ಟರನ್ನು, ಹೆಂಗಸರನ್ನು ಕಾನೂನುಬಾಹಿರವಾಗಿ ಮತಾಂತರ ಮಾಡಿದರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಒಡಿಶಾ 1967ರಲ್ಲೇ ಇಂಥ ಕಾನೂನು ಮಾಡಿತ್ತು, 1977ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಯೂ ಇತ್ತು. ಸರ್ಕಾರಗಳು ಬರ್ತವೆ, ಹೋಗ್ತವೆ. ಆ 'ಹೆಚ್ಚು ಶಿಕ್ಷೆ'ಯ ಹಿಂದಿರೋ ಭಾವನೆ ನೋಡಿ: ದಲಿತನಿಗೆ, ಹೆಣ್ಣಿಗೆ ತಮಗೆ ಬೇಕಾದ್ದು ಏನು ಅಂತ ಗೊತ್ತಾಗೋದಿಲ್ಲ, ಯಾರೋ ಪುಸಲಾಯಿಸ್ತಾರೆ ಅಂತ. 21 ವರ್ಷ ಓದಿ ಧರ್ಮ ಆರಿಸಿಕೊಂಡ ಮನುಷ್ಯನ ದೇಶ ಇದು.

ಹೋದವರಿಗೆ ಹೋದ ಕಡೆ ಎಲ್ಲ ಸಿಕ್ಕಿತಾ ಅನ್ನೋದನ್ನೂ ಹೇಳಿಬಿಡ್ತೀನಿ. ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನಲ್ಲಿ ಒಂದು ಕ್ರೈಸ್ತ ಸ್ಮಶಾನ ಇದೆ. ಅಲ್ಲಿ ದಲಿತ ಕ್ರೈಸ್ತರ ಗೋರಿಗಳಿಗೂ ಉಳಿದವರ ಗೋರಿಗಳಿಗೂ ನಡುವೆ ಗೋಡೆ ಕಟ್ಟಿದ್ದಾರೆ. ಬದುಕಿದ್ದಾಗ ಬಿಟ್ಟು ಬಂದದ್ದು ಸತ್ತ ಮೇಲೆ ಎದುರಿಗೆ ಬಂದು ನಿಂತಿದೆ. ಅದೇ ದಲಿತ ಕ್ರೈಸ್ತ, ತನಗೆ ಪರಿಶಿಷ್ಟ ಜಾತಿ ಸ್ಥಾನ ಕೊಡಿ ಅಂತ ಸರ್ಕಾರದ ಮುಂದೆ ಹೋದರೆ, 1950ರ ಆದೇಶ ತೋರಿಸಿ, ನಿಮ್ಮ ಧರ್ಮದಲ್ಲಿ ಜಾತಿಯೇ ಇಲ್ಲವಲ್ಲ ಅಂತಾರೆ. ಚರ್ಚಿನ ಹಿಂದಿನ ಗೋಡೆ ಜಾತಿ ಇದೆ ಅನ್ನುತ್ತೆ, ಸರ್ಕಾರದ ಕಡತ ಇಲ್ಲ ಅನ್ನುತ್ತೆ. ಈ ವಿಷಯ ಪರಿಶೀಲಿಸೋಕೆ ಅಂತ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಆಯೋಗ ನೇಮಿಸಿತು. ಆಮಿಷದ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಮ್ಮ ವಕ್ತಾರರಲ್ಲಿ ಎಷ್ಟು ಜನಕ್ಕೆ ಆ ಆಯೋಗದ ಹೆಸರು ಗೊತ್ತಿದೆ, ಮುಂದಿನ ಸಲ ಸ್ಟುಡಿಯೋಗೆ ಬಂದಾಗ ಕೇಳ್ತೀನಿ.